ಅಣ್ಣ ಬಿಟ್ಟು ಹೋದ ಗಾಡಿ

ದತ್ತ ಜಯಂತಿಗೆ ಮಾಣಿಕನಗರಕ್ಕೆ ಹೋದರೆ, ದರ್ಶನ ಪ್ರಸಾದ ಮುಗಿದ ಮೇಲೆ ನನಗೆ ಇನ್ನೊಂದು ಕೆಲಸ ಇರುತ್ತದೆ. ಗಾಡಿ ನಿಲ್ಲಿಸಿದ ಬಯಲಿಗೆ ಬಂದು, ಸಾಲಾಗಿ ನಿಂತ ಮೋಟರ್ ಸೈಕಲ್ಲುಗಳ ನಡುವೆ ಒಂದು ಸುತ್ತು ಹಾಕುವುದು. ಬೀದರಿನ ಕೆಎ 38, ಬಸವಕಲ್ಯಾಣದ ಕೆಎ 56, ಅವುಗಳಿಗೆ ಹ್ಯಾಂಡಲ್ ತಾಗಿಸಿಕೊಂಡು ಲಾತೂರಿನ ಎಂಎಚ್ 24, ಸೊಲ್ಲಾಪುರದ ಎಂಎಚ್ 13, ಸಂಗಾರೆಡ್ಡಿಯ ಟಿಎಸ್ 15. 1956ರ ನವೆಂಬರ್‌ವರೆಗೆ ಜಹೀರಾಬಾದು, ಉದಗೀರು, ಹುಮನಾಬಾದು ಒಂದೇ ಬೀದರ್ ಜಿಲ್ಲೆಯಲ್ಲಿದ್ದವು. ಆಮೇಲೆ ಮೂರು ರಾಜ್ಯಗಳ ಪಾಲಾದವು. 1817ರ ದತ್ತ ಜಯಂತಿಯ ದಿನ ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳ ಹೆಸರಿಗೆ ಆ ಹಳೆಯ ಜಿಲ್ಲೆ ವರ್ಷಕ್ಕೊಮ್ಮೆ ಹುಮನಾಬಾದಿನ ಪಕ್ಕದ ಈ ಪುಟ್ಟ ಊರಲ್ಲಿ ಮತ್ತೆ ಕೂಡುತ್ತದೆ, ಈಗ ಹೆಚ್ಚಾಗಿ ಎರಡು ಚಕ್ರದ ಮೇಲೆ.

ಈ ಸಲ ಕಣ್ಣು ನಿಂತದ್ದು ಒಂದು ಯುನಿಕಾರ್ನ್ ಮೇಲೆ. ಟ್ಯಾಂಕಿನ ಬಣ್ಣ ಹೊಸದರಂತಿತ್ತು, ಸೀಟು ಹರಿದಿರಲಿಲ್ಲ. ಆದರೆ ಚೈನು ಕೆಂಪಗೆ ತುಕ್ಕು ಹಿಡಿದಿತ್ತು, ಟೈರಿನ ಬದಿಯಲ್ಲಿ ಕೂದಲೆಳೆಯಂಥ ಬಿರುಕುಗಳು. ಬಗ್ಗಿ ನೋಡಿದೆ. ಟೈರಿನ ಮೇಲೆ 2318 ಎಂದಿತ್ತು. 2018ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟೈರು ಎಂದು ಅರ್ಥ. ಮೀಟರಿನಲ್ಲಿ ಓಡಿದ ಕಿಲೋಮೀಟರು ಕಡಿಮೆ, ರಬ್ಬರಿನ ವಯಸ್ಸು ಹೆಚ್ಚು. ಇಂಥ ಗಾಡಿ ಕಂಡರೆ ಅದರ ಮಾಲೀಕ ಎಲ್ಲಿದ್ದಾನೆಂದು ನನಗೆ ಕೇಳಬೇಕಾಗಿಲ್ಲ. ಆದರೂ ಗಾಡಿ ತೆಗೆಯಲು ಬಂದ ಹುಡುಗನನ್ನು ಕೇಳಿದೆ.

"ಗಾಡಿ ಅಣ್ಣಂದು ಕಾಕಾ. ಅಂವ ದಮ್ಮಾಮ್‌ದಾಗ ಹಾನ. ಹೋಗಿ ಮೂರು ವರ್ಷ ಆಯ್ತು."

ನಮ್ಮ ಕಡೆ ಓಣಿಗೊಂದು ಇಂಥ ಗಾಡಿ ಸಿಗುತ್ತದೆ. ಸೌದಿಗೋ ದುಬೈಗೋ ಹೊರಟವನು ಪಾಸ್‌ಪೋರ್ಟ್, ವೀಸಾ, ಮೆಡಿಕಲ್ ಎಂದು ತಿಂಗಳುಗಟ್ಟಲೆ ಓಡಾಡುತ್ತಾನೆ. ಹತ್ತನೇ ತರಗತಿ ಪಾಸಾಗದವನಾದರೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇರೆ ಬೇಕು. ಅದರ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪಾಲಿಸಿ ಮಾಡಿಸುತ್ತಾರೆ: ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಅಪಘಾತದಲ್ಲಿ ಜೀವ ಹೋದರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ. ಹೋಗುವವನ ಸಲುವಾಗಿ ಇಷ್ಟೆಲ್ಲ ಏರ್ಪಾಡಾಗುತ್ತದೆ. ಅಂಗಳದಲ್ಲಿ ಉಳಿದ ಗಾಡಿಗೆ ಮಾತ್ರ ಒಂದೇ ಏರ್ಪಾಡು, ಬೀಗದ ಕೈ ತಮ್ಮನ ಕೈಗೆ.

"ಇನ್ಶೂರೆನ್ಸ್?" ಎಂದೆ.

"ಅಣ್ಣನೇ ಕಟ್ಟಿರಬೇಕು."

ಹುಡುಗನ ಮಾತಿನಲ್ಲಿ ಮೋಸವಿರಲಿಲ್ಲ, ಅಣ್ಣನ ಮೇಲೆ ಭರವಸೆ ಇತ್ತು, ಅಷ್ಟೇ. ಆದರೆ ಗಾಡಿ ಕೊಂಡದ್ದು 2018ರ ದೀಪಾವಳಿಗೆ. ಆ ವರ್ಷದ ಸೆಪ್ಟೆಂಬರ್ 1ರಿಂದ ಹೊಸ ಮೋಟರ್ ಸೈಕಲ್ಲಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಿಸಿಕೊಳ್ಳುವ ನಿಯಮ ಬಂತು. ಹಾಗೆ ಕಟ್ಟಿದ ವಿಮೆ 2023ರ ಕೊನೆಗೇ ತೀರಿತ್ತು. ಐದು ವರ್ಷ ಅದರ ಕಡೆ ನೋಡುವ ಪ್ರಸಂಗವೇ ಬರಲಿಲ್ಲವಾದ್ದರಿಂದ ತೀರಿದ್ದು ಯಾರಿಗೂ ಗೊತ್ತಾಗಲಿಲ್ಲ. ವಿಮೆ ಇಲ್ಲದ ಗಾಡಿ ಯಾರಿಗಾದರೂ ಬಡಿದರೆ ಓಡಿಸಿದ ತಮ್ಮನ ಜೊತೆಗೆ ಆರ್‌ಸಿಯಲ್ಲಿ ಹೆಸರಿರುವ ಅಣ್ಣನೂ ಪರಿಹಾರಕ್ಕೆ ಹೊಣೆ. ದಮ್ಮಾಮಿನಲ್ಲಿ ಅವನು ವರ್ಷಗಟ್ಟಲೆ ಕೂಡಿಟ್ಟದ್ದು ಹುಮನಾಬಾದಿನ ಒಂದು ತಿರುವಿನಲ್ಲಿ ಕರಗಿಹೋಗಬಹುದು.

ವಿಮೆ ಇದ್ದರೂ ಒಂದು ಗುಂಡಿ ಉಳಿಯುತ್ತದೆ. ಅದನ್ನು ಹೇಳಲೆಂದೇ ಈ ವಾರ ಬರೆಯಲು ಕೂತೆ. ಪಾಲಿಸಿಯಲ್ಲಿ ಇರುವ 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆ ಮಾಲೀಕನೇ ಗಾಡಿ ಓಡಿಸುವಾಗ ಮಾತ್ರ, ಅದೂ ಅವನ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ. ತಮ್ಮ ಓಡಿಸುವಾಗ ಅದು ತಮ್ಮನಿಗಿಲ್ಲ. ಥರ್ಡ್ ಪಾರ್ಟಿ ವಿಮೆ ಇರುವುದು ಹೊರಗಿನವರಿಗೆ. ಹಾಗಾದರೆ ಗಾಡಿ ಎರವಲು ತಂದವನು ಹೊರಗಿನವನೋ, ಮನೆಯವನೋ? ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದದ್ದು ನಮ್ಮ ರಾಜ್ಯದ್ದೇ ಒಂದು ಪ್ರಕರಣ. ಇಳಕಲ್ಲಿನಿಂದ ತನ್ನೂರು ಗುಡೂರಿಗೆ ಹೋಗಲು ಒಬ್ಬಾತ ಬೇರೆಯವರ ಹೀರೋ ಹೋಂಡಾ ಕೇಳಿ ತಂದಿದ್ದ. ಮುಂದೆ ಕಬ್ಬಿಣದ ಶೀಟು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ಒಮ್ಮೆಲೇ ನಿಂತಿತು. ಆತ ಅದಕ್ಕೆ ಬಡಿದು ತೀರಿಕೊಂಡ. 2009ರಲ್ಲಿ ಸುಪ್ರೀಂ ಕೋರ್ಟು, ಗಾಡಿ ಎರವಲು ತಂದವನು ಮಾಲೀಕನ ಜಾಗದಲ್ಲೇ ನಿಂತಂತೆ, ಆದ್ದರಿಂದ ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡುತ್ತಿದ್ದ ಆಗಿನ 163ಎ ಕಲಮಿನಡಿ ಅವನ ಮನೆಯವರು ಕೇಳಲಾಗದು ಎಂದಿತು. ಬೇರೆ ಕಲಮಿನಡಿ ಏನಾದರೂ ಸಿಗುವುದೋ ನೋಡಿ ಎಂದು ಹೈಕೋರ್ಟಿಗೆ ವಾಪಸು ಕಳಿಸಿತು. ಹೆಂಡತಿ ಮಕ್ಕಳು ಮತ್ತೆ ಮೊದಲಿನಿಂದ ಕಾಯಬೇಕಾಯಿತು.

ಆ ಅಪಘಾತ ನಡೆದ ಇಳಕಲ್–ಕುಷ್ಟಗಿ ರಸ್ತೆ ಇಂದು ರಾಷ್ಟ್ರೀಯ ಹೆದ್ದಾರಿ 50ರ ಭಾಗ. ನಾಂದೇಡದಿಂದ ಹೊರಟು, ಬೀದರ್ ದಾಟಿ, ನಮ್ಮ ಹುಮನಾಬಾದಿನ ಮೇಲೆ ಹಾದು, ಕಲಬುರಗಿ, ವಿಜಯಪುರ, ಇಳಕಲ್ ಎಂದು ಹೋಗುವ ಅದೇ ರಸ್ತೆ. ಇಲ್ಲಿ ಎತ್ತಿನ ಗಾಡಿಯ ಬದಲು ಕಬ್ಬಿನ ಟ್ರ್ಯಾಕ್ಟರ್ ಎಂದುಕೊಳ್ಳಿ. ದತ್ತ ಜಯಂತಿಯ ಹೊತ್ತಿಗೆ ಕಬ್ಬು ಕಡಿಯುವ ಕೆಲಸ ಜೋರಾಗಿರುತ್ತದೆ. ಒಂದರ ಹಿಂದೊಂದು ಎರಡು ಟ್ರಾಲಿ, ಹಿಂದೆ ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ, ಬದಿಗೆ ಚಾಚಿಕೊಂಡ ಕಬ್ಬಿನ ತುದಿಗಳು ಮಾತ್ರ. ಬೆಳಗಿನ ಮಂಜಿನಲ್ಲಿ ಹತ್ತಿರ ಬರುವವರೆಗೂ ಅದು ಕತ್ತಲೆಯದೇ ಒಂದು ತುಂಡು. ನಾಲ್ಕು ಪಥದ ಹೆದ್ದಾರಿಯಲ್ಲಿ ಮೋಟರ್ ಸೈಕಲ್ಲಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ವೇಗ ಗಂಟೆಗೆ 80 ಕಿಲೋಮೀಟರು. ಕಬ್ಬಿನ ಕಾಲದಲ್ಲಿ, ಕತ್ತಲಲ್ಲಿ, ನಾನು 50 ದಾಟುವುದಿಲ್ಲ. ಹೆಡ್‌ಲೈಟಿನ ಬೆಳಕು ಎಷ್ಟು ದೂರ ಬೀಳುತ್ತದೋ ಅಷ್ಟರೊಳಗೆ ಗಾಡಿ ನಿಲ್ಲಬೇಕು, ನನ್ನ ಲೆಕ್ಕ ಅಷ್ಟೇ.

ಆದ್ದರಿಂದ ಅಣ್ಣನ ಗಾಡಿ ಓಡಿಸುವ ತಮ್ಮನ ಹೆಸರಲ್ಲಿ ಬೇರೆಯೇ ಒಂದು ಅಪಘಾತ ವಿಮೆ ಇರಲೇಬೇಕು. ದೊಡ್ಡದು ಆಗದಿದ್ದರೆ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಾದರೂ ಮಾಡಿಸಿ. ವರ್ಷಕ್ಕೆ 20 ರೂಪಾಯಿ, 2 ಲಕ್ಷದ ರಕ್ಷಣೆ, 18ರಿಂದ 70 ವಯಸ್ಸಿನವರಿಗೆ. ಪರಿಹಾರಕ್ಕೆ ಅದು ಸಣ್ಣ ಮೊತ್ತವೇ, ಆದರೆ ಗಾಡಿ ಯಾರದು ಎಂಬ ಪ್ರಶ್ನೆ ಅದರಲ್ಲಿ ಏಳುವುದಿಲ್ಲ.

ಹೋಗುವ ಮುಂಚೆ ಗಾಡಿ ಮಾರಿಯೇ ಹೋದೆ ಎನ್ನುವವರೂ ಇದ್ದಾರೆ. ರೊಕ್ಕ ಎಣಿಸಿಕೊಂಡು, ಆರ್‌ಸಿ ಕೈಗಿತ್ತು, ಮರುದಿನ ಹೈದರಾಬಾದಿನಿಂದ ವಿಮಾನ ಹತ್ತುತ್ತಾರೆ. 29 ಮತ್ತು 30ನೇ ನಮೂನೆ ತುಂಬಿ, ಹೊಸಬನ ಹೆಸರು ದಾಖಲೆಗೆ ಏರುವವರೆಗೆ ಕಾನೂನಿನ ಕಣ್ಣಲ್ಲಿ ಗಾಡಿ ನಿಮ್ಮದೇ. 2018ರಲ್ಲಿ ಸುಪ್ರೀಂ ಕೋರ್ಟು ಇದನ್ನೂ ಖಡಾಖಂಡಿತವಾಗಿ ಹೇಳಿದೆ. ಗಾಡಿ ನಾಲ್ಕು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ. ಪರದೇಶದಲ್ಲಿ ಕೂತು ಇದನ್ನು ಸರಿಪಡಿಸುವುದು ಕಷ್ಟ, ಯಾಕೆಂದರೆ ಒಟಿಪಿ ಬರುವುದು ಇಲ್ಲಿನ ಹಳೆಯ ನಂಬರಿಗೆ. ರೀಚಾರ್ಜ್ ಮಾಡದೆ ಬಿಟ್ಟ ಆ ಸಿಮ್ ಮೂರು ತಿಂಗಳಲ್ಲಿ ಸತ್ತಿರುತ್ತದೆ. ದಂಡದ ಚಲನ್ನೂ ಆ ಸತ್ತ ನಂಬರಿಗೇ ಹೋಗಿ ಬೀಳುತ್ತದೆ. ಹೊರಡುವವನಿಗೆ ನಾನು ಹೇಳುವ ಮೊದಲ ಮಾತು, ಆ ಸಿಮ್ ಅನ್ನು ಅವ್ವನ ಫೋನಿಗೆ ಹಾಕಿ ಜೀವಂತ ಇಟ್ಟು ಹೋಗು ಎಂದು.

ಲೈಸೆನ್ಸಿನದೂ ಹೀಗೆಯೇ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಿಸಿಕೊಳ್ಳಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕು. ಎರಡು ವರ್ಷಕ್ಕೊಮ್ಮೆ ತಿಂಗಳ ರಜೆಗೆ ಬರುವವನಿಗೆ ಈ ಲೆಕ್ಕ ಮುಖ್ಯ. ಆರ್‌ಟಿಒದಲ್ಲಿ 1,000 ರೂಪಾಯಿ ಕಟ್ಟಿ ಪಡೆಯುವ ಅಂತರರಾಷ್ಟ್ರೀಯ ಪರ್ಮಿಟ್ಟಿನ ಆಯುಷ್ಯ ಒಂದೇ ವರ್ಷ. ಅದನ್ನು ಹಿಡಿದುಕೊಂಡು ದುಬೈಗೆ ಹೋಗಿ ಡೆಲಿವರಿ ಬೈಕ್ ಓಡಿಸುತ್ತೇನೆಂದು ಹೊರಟರೆ ನಿರಾಸೆಯಾಗುತ್ತದೆ. ಅಲ್ಲಿ ವಾಸದ ವೀಸಾ ಬಂದವನಿಗೆ ಅಲ್ಲಿನದೇ ಲೈಸೆನ್ಸ್ ಬೇಕು, ಮೋಟರ್ ಸೈಕಲ್ಲಿಗೆ ಪ್ರತ್ಯೇಕ ತರಬೇತಿ, ಪ್ರತ್ಯೇಕ ಪರೀಕ್ಷೆ.

ಇನ್ನು ರಜೆಗೆ ಬಂದವನ ವಿಷಯ. ಗಲ್ಫ್ ದೇಶಗಳಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ, ನಮ್ಮಲ್ಲಿ ಎಡಗಡೆ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ದೇಹ ಮರೆಯುತ್ತದೆ, ಅದರಲ್ಲೂ ಮೋಟರ್ ಸೈಕಲ್ಲಿನ ಮೇಲೆ. ಕಾರಿನಲ್ಲಾದರೆ ಸ್ಟೇರಿಂಗೇ ಆ ಬದಿಯಿಂದ ಈ ಬದಿಗೆ ಬಂದಿರುತ್ತದೆ. ಬಾಗಿಲು ತೆಗೆದು ಕೂತ ಕೂಡಲೇ ಊರು ಬದಲಾಯಿತೆಂದು ಮೈಗೆ ತಿಳಿಯುತ್ತದೆ. ಮೋಟರ್ ಸೈಕಲ್ಲಿನಲ್ಲಿ ಏನೂ ಬದಲಾಗುವುದಿಲ್ಲ. ರಿಯಾದಿನಲ್ಲೂ ಬಲಗೈಗೆ ಎಕ್ಸಲರೇಟರು, ಎಡಗೈಗೆ ಕ್ಲಚ್ಚು, ಎಡಗಾಲಿಗೆ ಗೇರು. ಸಸ್ತಾಪುರ ಬಂಗ್ಲಾದಲ್ಲೂ ಅವೇ. ಎಚ್ಚರಿಸುವ ಗುರುತು ಒಂದೂ ಇಲ್ಲ.

ಸಸ್ತಾಪುರ ಬಂಗ್ಲಾದ ಹೆಸರು ಬೇಕೆಂದೇ ಎತ್ತಿದೆ. ಬಸವಕಲ್ಯಾಣದಿಂದ ಬಂದ ರಸ್ತೆ ಪುಣೆ–ಹೈದರಾಬಾದ್ ಹೆದ್ದಾರಿಯನ್ನು ಸೇರುವುದು ಅಲ್ಲಿ. ಹೆದ್ದಾರಿಗೆ ಇಳಿಯುವವನ ಮೇಲೆ ಮೊದಲು ಬಂದೆರಗುವ ಲಾರಿ ಬಲಗಡೆಯಿಂದ ಬರುತ್ತದೆ. ನಾಲ್ಕು ವರ್ಷ ಗಲ್ಫಿನಲ್ಲಿದ್ದವನ ಕತ್ತು ಮೊದಲು ಎಡಕ್ಕೆ ತಿರುಗುತ್ತದೆ. ಎಡಕ್ಕೆ ನೋಡಿ, ಖಾಲಿ ಕಂಡು, ಕ್ಲಚ್ ಬಿಟ್ಟುಬಿಡುತ್ತಾನೆ. ಸರ್ಕಲ್ಲಿನಲ್ಲೂ ಅಷ್ಟೇ. ಅಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧ ಸುತ್ತಿದವನು ಇಲ್ಲಿ ಮುಳ್ಳಿನ ದಿಕ್ಕಿಗೆ ಸುತ್ತಬೇಕು, ಬಲದಿಂದ ಬರುವವನಿಗೆ ದಾರಿ ಬಿಡಬೇಕು. ರಸ್ತೆಯಲ್ಲಿ ನಾಲ್ಕು ಗಾಡಿ ಇದ್ದರೆ ಅವುಗಳ ಹಿಂದೆ ಸರಿಯಾಗಿಯೇ ಹೋಗುತ್ತೇವೆ. ಅಪಾಯ ಇರುವುದು ಬೆಳಗಿನ ಜಾವದ ಖಾಲಿ ರಸ್ತೆಯಲ್ಲಿ, ಪೆಟ್ರೋಲ್ ಬಂಕಿನಿಂದಲೋ ಧಾಬಾದಿಂದಲೋ ಹೊರಬೀಳುವ ಆ ಒಂದು ಕ್ಷಣದಲ್ಲಿ. ಬಂದ ಮೊದಲ ವಾರ ಹೆದ್ದಾರಿಗೆ ಇಳಿಯಬೇಡಿ, ಓಣಿಯಲ್ಲೇ ಓಡಾಡಿ. ನನಗೆ ಗೊತ್ತಿದ್ದ ಒಬ್ಬರು ಎಡಗಡೆಯ ಕನ್ನಡಿಗೆ ಕೆಂಪು ದಾರ ಕಟ್ಟಿಕೊಳ್ಳುತ್ತಿದ್ದರು, ನಡೆಯುವುದು ಈ ಬದಿ ಎಂಬ ನೆನಪಿಗೆ. ನನಗೆ ಅದು ಬಹಳ ಒಳ್ಳೆಯ ಉಪಾಯವೆನ್ನಿಸಿದೆ.

ಗಲ್ಫಿನಿಂದ ಕೆಲವರು ಆಸೆಪಟ್ಟು ಹೆಲ್ಮೆಟ್ ತರುತ್ತಾರೆ, ಯುರೋಪಿನ ಇಸಿಇ ಗುರುತಿನದು. ಅವುಗಳಲ್ಲಿ ಅಪ್ಪಟ ಮಾಲು ಇರುತ್ತದೆ, ಕೈಯಲ್ಲಿ ಹಿಡಿದರೇ ತಿಳಿಯುತ್ತದೆ. ಆದರೆ ನಮ್ಮ ಕಾಯಿದೆ ಕೇಳುವುದು ಐಎಸ್ 4151ರ ಐಎಸ್ಐ ಗುರುತು. 2021ರ ಜೂನ್‌ನಿಂದ ಅದಿಲ್ಲದ ಹೆಲ್ಮೆಟ್ ಮಾರುವಂತೆಯೂ ಇಲ್ಲ. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು, ನಾಲ್ಕು ವರ್ಷ ದಾಟಿದ ಮಗುವಿಗೂ ಬೇಕು. ಹುಮನಾಬಾದಿನಿಂದ ಮಾಣಿಕನಗರಕ್ಕೆ ಎಷ್ಟು ದೂರ ಮಹಾ ಎಂದು ಗಂಡ, ಹೆಂಡತಿ, ನಡುವೆ ಒಂದು, ಟ್ಯಾಂಕಿನ ಮೇಲೆ ಒಂದು ಎಂದು ಬರುವ ಕುಟುಂಬಗಳನ್ನು ಜಾತ್ರೆಯಲ್ಲಿ ಎಷ್ಟೋ ನೋಡಿದ್ದೇನೆ. ಒಮ್ಮೆಲೇ ಬ್ರೇಕ್ ಹಾಕಿದರೆ ಟ್ಯಾಂಕಿನ ಮೇಲಿನ ಮಗುವಿನ ಎದೆ ಎಲ್ಲಿಗೆ ಬಡಿಯುತ್ತದೆಂದು ಒಮ್ಮೆ ಹ್ಯಾಂಡಲ್ ಮುಟ್ಟಿ ನೋಡಿಕೊಳ್ಳಿ.

ಗಾಡಿಯನ್ನು ಯಾರೂ ಓಡಿಸದೆ ನಿಲ್ಲಿಸಿ ಹೋಗುವುದಾದರೆ ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಬ್ಯಾಟರಿಯ ಕಪ್ಪು ತಂತಿ ಬಿಚ್ಚಿ. ಹಳೆಯ ಎಂಜಿನ್ ಆಯಿಲ್ ತೆಗೆದು ಹೊಸದು ತುಂಬಿಸಿ, ಯಾಕೆಂದರೆ ಕಪ್ಪಾದ ಎಣ್ಣೆಯ ಆಮ್ಲ ನಿಂತಲ್ಲೇ ಲೋಹ ತಿನ್ನುತ್ತದೆ. ಪೆಟ್ರೋಲಿನ ವಿಷಯದಲ್ಲಿ ನಾನು ನನ್ನ ಹಳೆಯ ಅಭ್ಯಾಸ ಬದಲಿಸಿದ್ದೇನೆ. ಟ್ಯಾಂಕು ತುಂಬಿಸಿಟ್ಟರೆ ತುಕ್ಕು ಹಿಡಿಯುವುದಿಲ್ಲ ಎನ್ನುತ್ತಿದ್ದೆವು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥೆನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ಒಂದೆರಡು ತಿಂಗಳಿಗಾದರೆ ತುಂಬಿಸಿಡಿ. ವರ್ಷಗಟ್ಟಲೆ ಆದರೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಬರಿದುಮಾಡಿ, ಟ್ಯಾಂಕಿನ ಒಳಮೈಗೆ ಎಣ್ಣೆ ಸವರಿಡುವುದು ಲೇಸು. ಸೈಲೆನ್ಸರಿನ ಬಾಯಿಗೆ ಅರಿವೆ ತುರುಕಿ. ವೈರು ಕಡಿಯುವ ಇಲಿಗೆ ಮಾತ್ರ ನನಗೆ ಇನ್ನೂ ಮದ್ದು ಸಿಕ್ಕಿಲ್ಲ.

ಮಾಣಿಕನಗರದ ಹುಡುಗ ಅಲ್ಲೇ ಸೀಟಿನ ಮೇಲೆ ಕೂತು ಫೋನಿನಲ್ಲಿ ವಿಮೆ ಹುಡುಕಿದ. 75ರಿಂದ 150 ಸಿಸಿಯ ಗಾಡಿಗೆ ಥರ್ಡ್ ಪಾರ್ಟಿ ದರ ವರ್ಷಕ್ಕೆ 714 ರೂಪಾಯಿ, 2022ರಲ್ಲಿ ಗೊತ್ತುಮಾಡಿದ್ದು. ಅಷ್ಟೇ ಏನು ಕಾಕಾ ಎಂದ. ಹಣ ಕಟ್ಟುವ ಮುಂಚೆ ಅಣ್ಣನಿಗೆ ವಿಡಿಯೊ ಕಾಲ್ ಹಚ್ಚಿದ. ಇಲ್ಲಿ ಮಧ್ಯಾಹ್ನ, ದಮ್ಮಾಮಿನಲ್ಲಿ ಎರಡೂವರೆ ತಾಸು ಹಿಂದೆ. ಕೆಲಸದ ಟೋಪಿ ತೆಗೆಯದೆಯೇ ಅಣ್ಣ ತೆರೆಯ ಮೇಲೆ ಬಂದ. ತಮ್ಮ ವಿಮೆಯ ಮಾತು ಎತ್ತುವಷ್ಟರಲ್ಲಿ ಅವನು, "ಗಾಡಿ ತೋರಸು" ಎಂದ. ಹುಡುಗ ಫೋನು ತಿರುಗಿಸಿ ಟ್ಯಾಂಕಿನಿಂದ ಹಿಂದಿನ ಚಕ್ರದವರೆಗೆ ಮೆಲ್ಲಗೆ ಸರಿಸುತ್ತ ಹೋದ.

"ತಡಿ, ತಡಿ. ಚೈನಿಗಿ ಎಣ್ಣಿ ಯಾವಾಗ ಹಾಕಿದ್ದಿ?"

ತಮ್ಮ ನನ್ನ ಮುಖ ನೋಡಿದ.