ಮೀನಿನ ತೊಟ್ಟಿಯ ನೀರು: ಬೆಳಗಾವಿ, ಖಾನಾಪುರದ ರೂಢಿಗಳ ಒಂದು ವಿಮರ್ಶೆ

ಬೆಳಗಾವಿ ನಗರದ ಮನೆಗಳಲ್ಲಿ ಅಕ್ವೇರಿಯಂ ತುಂಬುವ ನೀರು ಒಂದೇ ಮೂಲದ್ದಲ್ಲ. ನಳದಲ್ಲಿ ಬರುವುದು ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಜಲಾಶಯದ ನೀರು, ಇಲ್ಲವೇ ಘಟಪ್ರಭೆಯ ಹಿಡಕಲ್ ಜಲಾಶಯದ್ದು. ನಳ ಬಾರದ ದಿನ ಬೋರ್‌ವೆಲ್ ಇದೆ, ಕೆಲವರ ಹಿತ್ತಲಲ್ಲಿ ಬಾವಿ ಇದೆ, ಬೇಸಿಗೆಯಲ್ಲಿ ಟ್ಯಾಂಕರ್ ಬರುತ್ತದೆ. ಬಾವಿಗಳಿಗೆ ಈ ಊರಲ್ಲಿ ದೊಡ್ಡ ಚರಿತ್ರೆಯೇ ಇದೆ. 1924ರ ಕಾಂಗ್ರೆಸ್ ಅಧಿವೇಶನಕ್ಕೆಂದು ಟಿಳಕವಾಡಿಯಲ್ಲಿ ತೋಡಿದ ಬಾವಿಯನ್ನು ಜನ ಈಗಲೂ ಕಾಂಗ್ರೆಸ್ ಬಾವಿ ಎಂದೇ ಕರೆಯುತ್ತಾರೆ. 1990ರ ದಶಕದ ನೀರಿನ ಬವಣೆಯ ನಂತರ ಹಳೆಯ ಬಾವಿಗಳ ಹೂಳೆತ್ತಿಸಿ ಮತ್ತೆ ಬಳಕೆಗೆ ತರಲಾಯಿತು. ಈ ಎಲ್ಲ ನೀರೂ ಎಷ್ಟೋ ಮನೆಗಳಲ್ಲಿ ತಾರಸಿಯ ಒಂದೇ ಟಾಕಿಗೆ ಬೀಳುತ್ತದೆ. ಕುಡಿಯುವವರಿಗೆ ರುಚಿಯಲ್ಲಿ ಅಷ್ಟಿಷ್ಟು ವ್ಯತ್ಯಾಸ ತಿಳಿಯುತ್ತದೆ, ಅಷ್ಟೇ. ಆ ನೀರನ್ನೇ ಉಸಿರಾಡುವ ಮೀನಿಗೆ ಅದು ಬೇರೆ ಬೇರೆ ಲೋಕ.

ವ್ಯತ್ಯಾಸದ ಬೇರು ನೆಲದಲ್ಲಿದೆ. ನಗರವೂ ಅದರ ಪೂರ್ವದ ಎರೆಭೂಮಿಯೂ ದಖನ್ನಿನ ಕಪ್ಪು ಬಸಾಲ್ಟ್ ಶಿಲೆಯ ಅಂಚಿನಲ್ಲಿವೆ. ಆ ಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್‌ಗಳನ್ನು ಕರಗಿಸಿಕೊಂಡು ಬೋರ್‌ವೆಲ್‌ನಲ್ಲಿ ಗಡಸಾಗಿ ಮೇಲೆ ಬರುತ್ತದೆ. ಗೀಸರಿನ ಒಳಗೆ, ನಳದ ಮೂತಿಯಲ್ಲಿ ಕಟ್ಟುವ ಬಿಳಿ ಪುಡಿ ಇದರದ್ದೇ. ಪಶ್ಚಿಮಕ್ಕೆ ಖಾನಾಪುರದ ಕಡೆ ಸಾಗಿದರೆ ಜಂಬಿಟ್ಟಿಗೆಯ ಕೆಂಪು ನೆಲ ಸಿಗುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯೂ ಮಹದಾಯಿಯ ಮೂಲವೂ ಇದೇ ತಾಲ್ಲೂಕಿನಲ್ಲಿವೆ. ಅಲ್ಲಿ ಸುರಿಯುವ ಮಳೆ ಸಾವಿರಾರು ವರ್ಷಗಳಿಂದ ಮಣ್ಣಿನ ಸುಣ್ಣವನ್ನು ತೊಳೆದು ಒಯ್ದಿದೆ. ಹಾಗಾಗಿ ಅಲ್ಲಿನ ಸೆಲೆ, ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಆಮ್ಲೀಯ, ಕೆಲವು ಕಡೆ ಕಬ್ಬಿಣದ ಅಂಶ ಹೆಚ್ಚು. ನಡುವಿನ ದೂರ ಇಪ್ಪತ್ತೈದು ಕಿಲೋಮೀಟರು. ಆದರೆ ಬೆಳಗಾವಿಯ ಅಂಗಡಿಯಲ್ಲಿ ಮೀನು ಕೊಂಡು ಖಾನಾಪುರದ ತೊಟ್ಟಿಗೆ ಬಿಡುವವರಿಗೂ ನಗರದ ಗಿರಾಕಿಗೆ ಹೇಳಿದ ಸಲಹೆಯೇ ಸಿಗುತ್ತದೆ. ಇಲ್ಲಿನ ಅಕ್ವೇರಿಯಂ ರೂಢಿಯ ಮೊದಲ ದೋಷ ಇದು: ನೀರು ಯಾವುದೆಂದು ಕೇಳದೆ ಔಷಧ ಹೇಳುವುದು.

ತೊಟ್ಟಿಯ ರಸಾಯನದ ಮುಖ್ಯ ಕಥೆ ಅಮೋನಿಯದಿಂದ ಶುರುವಾಗುತ್ತದೆ. ಮೀನು ತಿಂದ ಪ್ರೋಟೀನಿನ ಸಾರಜನಕ ಬಹುಪಾಲು ಕಿವಿರಿನ ಮೂಲಕ ಅಮೋನಿಯವಾಗಿ ಹೊರಬರುತ್ತದೆ. ಉಳಿದ ಆಹಾರ, ಹಿಕ್ಕೆ, ಕೊಳೆತ ಎಲೆ ಅದಕ್ಕೆ ಇನ್ನಷ್ಟು ಸೇರಿಸುತ್ತವೆ. ಫಿಲ್ಟರಿನ ಸ್ಪಂಜಿನಲ್ಲಿ, ತಳದ ಜಲ್ಲಿಯಲ್ಲಿ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ವಿಷ. ಕೊನೆಯದನ್ನು ಮೀನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಇಷ್ಟನ್ನು ಅಂಗಡಿಯವರು ಈಗೀಗ ಹೇಳತೊಡಗಿದ್ದಾರೆ, ಒಳ್ಳೆಯದು. ಅವರು ಹೇಳದೆ ಬಿಡುವ ಇನ್ನೊಂದು ಸಂಗತಿ ಇದೆ. ಈ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ, ಆ ಆಮ್ಲ ನೀರಿನ ಕ್ಷಾರೀಯತೆಯನ್ನು ತಿನ್ನುತ್ತ ಹೋಗುತ್ತದೆ. ಕ್ಷಾರೀಯತೆ ಎಂದರೆ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನ ದಾಸ್ತಾನು. ಪಿಎಚ್ ಕುಸಿಯದಂತೆ ಹಿಡಿದಿಡುವುದು ಅದೇ.

ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಮಾಮೂಲಿ ತೊಟ್ಟಿಯಲ್ಲಿ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ದಿನಕ್ಕೆ ಒಂದು ಗ್ರಾಂ ಒಣ ಆಹಾರ ಹಾಕುತ್ತಾರೆ, ಅದರಲ್ಲಿ ಪ್ರೋಟೀನು ನೂರಕ್ಕೆ 40 ಇದೆ ಎಂದಿಟ್ಟುಕೊಳ್ಳೋಣ. 400 ಮಿಲಿಗ್ರಾಂ ಪ್ರೋಟೀನಿನಲ್ಲಿ ಸಾರಜನಕ ನೂರಕ್ಕೆ 16, ಅಂದರೆ 64 ಮಿಲಿಗ್ರಾಂ. ಅದರಲ್ಲಿ ಅರ್ಧವಷ್ಟೇ ಅಮೋನಿಯವಾಯಿತು ಎಂದರೂ 32 ಮಿಲಿಗ್ರಾಂ. ಪ್ರತಿ ಮಿಲಿಗ್ರಾಂ ಅಮೋನಿಯ ಸಾರಜನಕ ನೈಟ್ರೇಟ್ ಆಗುವಾಗ ಸುಮಾರು 7 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರೀಯತೆ ಖರ್ಚಾಗುತ್ತದೆ. ಲೆಕ್ಕ ಹಾಕಿದರೆ ಇಡೀ ತೊಟ್ಟಿಯಲ್ಲಿ ದಿನಕ್ಕೆ ಲೀಟರಿಗೆ 4 ಮಿಲಿಗ್ರಾಂ ಚಿಲ್ಲರೆ. ಬೋರ್‌ವೆಲ್ ನೀರಿನ ಕ್ಷಾರೀಯತೆ ಲೀಟರಿಗೆ 250 ಇದ್ದರೆ ಅದು ಎರಡು ತಿಂಗಳಿಗೆ ಸಾಕು. ಜಂಬಿಟ್ಟಿಗೆ ಬಾವಿಯ ನೀರಿನಲ್ಲಿ ಅದು 30 ಇದ್ದರೆ ಒಂದೇ ವಾರಕ್ಕೆ ಮುಗಿಯಿತು. ಜಲಸಸ್ಯಗಳು ಅಮೋನಿಯ ಹೀರಿಕೊಂಡು ಈ ಖರ್ಚನ್ನು ಸ್ವಲ್ಪ ಇಳಿಸುತ್ತವೆ, ಆದರೆ ಪ್ಲಾಸ್ಟಿಕ್ ಗಿಡ ನೆಟ್ಟ ತೊಟ್ಟಿಗೆ ಆ ಭಾಗ್ಯವೂ ಇಲ್ಲ.

ದಾಸ್ತಾನು ಮುಗಿದ ಮೇಲೆ ನಡೆಯುವುದು ಕಣ್ಣಿಗೆ ಕಾಣುವುದಿಲ್ಲ. ಪಿಎಚ್ 6ರ ಆಸುಪಾಸಿಗೆ ಇಳಿಯುತ್ತದೆ, ಬ್ಯಾಕ್ಟೀರಿಯಾ ಕೆಲಸ ನಿಧಾನವಾಗುತ್ತದೆ, ಅಮೋನಿಯ ಕೂಡಿಕೊಳ್ಳುತ್ತದೆ. ಆಮ್ಲೀಯ ನೀರಿನಲ್ಲಿ ಅದು ಬಹುಪಾಲು ಅಮೋನಿಯಂ ಅಯಾನಿನ ರೂಪದಲ್ಲಿರುವುದರಿಂದ ಮೀನುಗಳು ಮಂಕಾಗಿಯಾದರೂ ಬದುಕಿರುತ್ತವೆ. ಒಂದು ದಿನ ನೀರು ಮಬ್ಬಾಗಿದೆ ಎಂದು ಮನೆಯವರು ಮುಕ್ಕಾಲು ತೊಟ್ಟಿ ಖಾಲಿ ಮಾಡುತ್ತಾರೆ. ಆ ಹೊತ್ತಿಗೆ ಟಾಕಿಯಲ್ಲಿ ಬೋರ್‌ವೆಲ್ ನೀರು ಇದ್ದರೆ ಪಿಎಚ್ ತಾಸೊಪ್ಪತ್ತಿನಲ್ಲಿ 6ರಿಂದ 8ಕ್ಕೆ ಜಿಗಿಯುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ವಿಷರೂಪದ್ದು ನೂರಕ್ಕೆ ಒಂದಕ್ಕೂ ಕಡಿಮೆ. ಪಿಎಚ್ 8ರಲ್ಲಿ ನೂರಕ್ಕೆ 5ಕ್ಕೂ ಹೆಚ್ಚು. 6ರಿಂದ 8ಕ್ಕೆ ಏರಿದರೆ ಆ ಪಾಲು ಸುಮಾರು ನೂರು ಪಟ್ಟು. ಮುಕ್ಕಾಲು ನೀರು ಚೆಲ್ಲಿದ್ದರಿಂದ ಅಮೋನಿಯ ಕಾಲುಭಾಗಕ್ಕೆ ಇಳಿದಿದ್ದರೂ ಉಳಿದದ್ದೇ ಕೊಲ್ಲಲು ಸಾಕು. ಸಂಜೆಯೊಳಗೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ, ಕಿವಿರು ಕೆಂಪಾಗುತ್ತದೆ. ‘ಸ್ವಚ್ಛ ಮಾಡಿದ ದಿನವೇ ಸತ್ತವು’ ಎಂಬ ಮಾತು ಎಷ್ಟು ಮನೆಗಳಲ್ಲಿ ಕೇಳಿಬರುತ್ತದೋ ಅಷ್ಟೂ ಕಡೆ ಇಂಥದೇ ಒಂದು ಕಾರಣ ಇದೆಯೇ ಎಂದು ಮೊದಲು ನೋಡಬೇಕು. ಹಣೆಬರಹ ಎಂದೋ ಕಳಪೆ ಮೀನು ಎಂದೋ ಸುಮ್ಮನಾಗುವುದು ಸಾಕುವ ಜೀವಕ್ಕೆ ಮಾಡುವ ಅನ್ಯಾಯ.

ಈ ದೃಷ್ಟಿಯಿಂದ ನೋಡಿದರೆ ತಿಂಗಳಿಗೊಮ್ಮೆ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, ಜಲ್ಲಿಯನ್ನು ನಳದ ಕೆಳಗೆ ತಿಕ್ಕಿ ತೊಳೆದು, ಸ್ಪಂಜನ್ನು ಹಿಂಡಿ ಹೊಸ ನೀರು ತುಂಬುವ ಪದ್ಧತಿ ಇಲ್ಲಿನ ರೂಢಿಗಳಲ್ಲೆಲ್ಲ ಕೆಟ್ಟದ್ದು. ಅದು ಬ್ಯಾಕ್ಟೀರಿಯಾಗಳನ್ನು ಕ್ಲೋರಿನ್ನಿಗೆ ಒಡ್ಡುತ್ತದೆ, ಮೀನುಗಳನ್ನು ಒಮ್ಮೆಗೇ ಬೇರೆ ನೀರಿಗೆ ಎಸೆಯುತ್ತದೆ. ವಾರಕ್ಕೊಮ್ಮೆ ನಾಲ್ಕನೇ ಒಂದು ಪಾಲು ಬದಲಿಸಿ, ತೆಗೆದ ಹಳೆಯ ನೀರಿನಲ್ಲೇ ಸ್ಪಂಜನ್ನು ಅದ್ದಿ ತೆಗೆಯುವುದು ಶ್ರಮದಲ್ಲಿ ಕಡಿಮೆ, ಫಲದಲ್ಲಿ ಹೆಚ್ಚು. ಬದಲಿಸುವ ನೀರು ಪ್ರತಿ ಸಲವೂ ಒಂದೇ ಮೂಲದ್ದಾಗಿರಬೇಕು ಎಂಬುದು ಬೆಳಗಾವಿಯ ಮಟ್ಟಿಗೆ ಇದಕ್ಕಿಂತಲೂ ಮುಖ್ಯ.

ಬಕೆಟ್ಟಿನಲ್ಲಿ ನೀರು ಹಿಡಿದು ಒಂದು ದಿನ ಬಿಡುವ ಹಳೆಯ ರೂಢಿ ಮಾತ್ರ ಮೆಚ್ಚತಕ್ಕದ್ದು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮನುಷ್ಯರಿಗೆ ರಕ್ಷೆಯಾದ ಅಷ್ಟೇ ಪ್ರಮಾಣ ಮೀನಿನ ಕಿವಿರನ್ನು ಸುಡುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ 24 ತಾಸು ಬಿಟ್ಟರೆ, ಗಾಳಿಯ ಪಂಪು ಹಾಕಿದರೆ ಇನ್ನೂ ಬೇಗ, ಅದು ಹಾರಿಹೋಗುತ್ತದೆ. ನಳ ವಾರದಲ್ಲಿ ಒಂದೆರಡು ದಿನ ಬರುತ್ತಿದ್ದ ಕಾಲದಲ್ಲಿ ನೀರು ಹೇಗಿದ್ದರೂ ಮನೆಯಲ್ಲಿ ನಿಲ್ಲುತ್ತಿತ್ತು. 2008ರಲ್ಲಿ ನಗರದ ಕೆಲವು ವಾರ್ಡುಗಳಲ್ಲಿ 24 ತಾಸಿನ ಪೂರೈಕೆ ಶುರುವಾದ ಮೇಲೆ ಅಂಥ ಮನೆಗಳಲ್ಲಿ ನೀರು ನಿಲ್ಲಿಸುವ ಅಗತ್ಯ ತಪ್ಪಿತು. ಅಕ್ವೇರಿಯಂ ಇರುವವರು ಅದನ್ನು ಬೇಕೆಂದೇ ಉಳಿಸಿಕೊಳ್ಳಬೇಕಾಯಿತು. ಅವಸರವಿದ್ದರೆ ಹೈಪೊ ಹರಳು, ಅಂದರೆ ಸೋಡಿಯಂ ಥಯೊಸಲ್ಫೇಟ್, ತಕ್ಷಣ ಕೆಲಸ ಮಾಡುತ್ತದೆ. ಒಂದು ಮಿಲಿಗ್ರಾಂ ಕ್ಲೋರಿನ್ನಿಗೆ 7 ಮಿಲಿಗ್ರಾಂ ಸಾಕು; 15 ಲೀಟರಿನ ಬಕೆಟ್ಟಿಗೆ ಕಾಳುಮೆಣಸಿನಷ್ಟೂ ಇಲ್ಲದ ಒಂದು ಹರಳು. ಚಮಚದಲ್ಲಿ ಸುರಿಯುವುದು ತಪ್ಪು.

ನೀಲಿ ಔಷಧ ಎಂದು ಕೊಡುವ ಮೀಥಿಲೀನ್ ಬ್ಲೂ ಮೊಟ್ಟೆಗಳಿಗೆ ಹತ್ತುವ ಬೂಷ್ಟಿಗೆ ಒಳ್ಳೆಯದು. ಬೇರೆ ಪಾತ್ರೆಯಲ್ಲಿ ಬಳಸಬೇಕು. ಮುಖ್ಯ ತೊಟ್ಟಿಗೆ ಹಾಕಿದರೆ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೇ ಪೆಟ್ಟು. ಕಲ್ಲುಪ್ಪಿನ ವಿಷಯದಲ್ಲಿ ತೀರ್ಪು ಅಷ್ಟು ಸರಳವಲ್ಲ. ನೈಟ್ರೈಟ್ ರಕ್ತವನ್ನು ಕಂದು ಮಾಡಿ ಆಮ್ಲಜನಕ ಒಯ್ಯದಂತೆ ತಡೆಯುತ್ತದೆ. ಉಪ್ಪಿನ ಕ್ಲೋರೈಡ್ ಅದು ಕಿವಿರಿನೊಳಗೆ ನುಗ್ಗದಂತೆ ಅಡ್ಡ ನಿಲ್ಲುತ್ತದೆ. ಹೊಸ ತೊಟ್ಟಿಯ ಸಂಕಟದಲ್ಲಿ ಅದು ನಿಜವಾದ ಮದ್ದು. ಪ್ರತಿ ವಾರ ಅಭ್ಯಾಸಕ್ಕೆ ಹಿಡಿ ಉಪ್ಪು ಹಾಕುವುದು ಮಾತ್ರ ಹಾನಿ, ಏಕೆಂದರೆ ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ.

ಗೋವಾಕ್ಕೆ ಹೋದವರು ತಂದ ಚಿಪ್ಪು, ಹವಳದ ತುಂಡು, ಮನೆ ಕಟ್ಟುವಾಗ ಉಳಿದ ಮಾರ್ಬಲ್ ಚೂರು ತೊಟ್ಟಿಯ ತಳದಲ್ಲಿ ಅಲಂಕಾರಕ್ಕೆ ಬೀಳುತ್ತವೆ. ಇವೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್. ಸಂದೇಹವಿದ್ದರೆ ನಿಂಬೆರಸದ ಎರಡು ಹನಿ ಬಿಟ್ಟು ನೊರೆ ಏಳುತ್ತದೆಯೇ ನೋಡಬಹುದು. ನಗರದ ಬೋರ್‌ವೆಲ್ ನೀರಿಗೆ ಇವು ಬೇಡದ ಹೊರೆ. ಖಾನಾಪುರದ ಮೆದು ನೀರಿಗೆ ಇದೇ ವಸ್ತು ಅಗ್ಗದ ಪರಿಹಾರ: ಬಟ್ಟೆಯ ಗಂಟಿನಲ್ಲಿ ಒಂದು ಹಿಡಿ ಚಿಪ್ಪು ಕಟ್ಟಿ ಫಿಲ್ಟರಿನ ಹರಿವಿಗೆ ಇಟ್ಟರೆ ಆಮ್ಲ ಹೆಚ್ಚಿದಂತೆ ತಾನಾಗಿ ಕರಗಿ ಕ್ಷಾರೀಯತೆಯನ್ನು ತುಂಬುತ್ತ ಹೋಗುತ್ತದೆ. ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು. ಅಲ್ಲಿನ ಬಣ್ಣ ಬಳಿಯದ ಮಡಕೆಯ ಚೂರು ಮೀನು ಅಡಗಲು ಯೋಗ್ಯ, ನೀರಿನ ರಸಾಯನವನ್ನು ಕದಲಿಸುವುದೂ ಇಲ್ಲ.

ಈಚೆಗೆ ಆರ್‌ಓ ನೀರಿನ ಮೋಹ ಹೆಚ್ಚಿದೆ. ಶುದ್ಧವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ಸಲ್ಲದು. ಆರ್‌ಓ ಯಂತ್ರ ಬೈಕಾರ್ಬೊನೇಟನ್ನೂ ತೆಗೆದುಬಿಡುವುದರಿಂದ ಆ ನೀರೊಂದನ್ನೇ ತುಂಬಿದವರು ನಗರದಲ್ಲಿದ್ದುಕೊಂಡೇ ಜಂಬಿಟ್ಟಿಗೆ ಬಾವಿಯ ಕಷ್ಟವನ್ನು ಕೊಂಡು ತಂದಂತೆ. ಗಡಸು ನೀರಿಗೆ ಮೂರನೇ ಒಂದರಷ್ಟು ಬೆರೆಸುವುದು ಬೇರೆ ಮಾತು, ಅದು ಸರಿಯಾದ ಬಳಕೆ. ಪಿಎಚ್ ಇಳಿಸುವ ಬಾಟಲಿ ದ್ರವಗಳು ಗಡಸು ನೀರಿನಲ್ಲಿ ಒಂದು ರಾತ್ರಿ ಅಂಕಿಯನ್ನು ಬದಲಿಸುತ್ತವೆ. ಬೆಳಗಾಗುವಷ್ಟರಲ್ಲಿ ಕ್ಷಾರೀಯತೆ ಅದನ್ನು ಹಿಂದಕ್ಕೆಳೆಯುತ್ತದೆ. ಮೀನಿಗೆ ಈ ಏರಿಳಿತವೇ ಯಾತನೆ. ಪಿಎಚ್ 7.8ರಲ್ಲಿ ಸ್ಥಿರವಾಗಿರುವ ತೊಟ್ಟಿ, 7ಕ್ಕೂ 8ಕ್ಕೂ ನಡುವೆ ಹೊಯ್ದಾಡುವ ತೊಟ್ಟಿಗಿಂತ ಎಷ್ಟೋ ಮೇಲು. ಅಂಗಡಿಯಲ್ಲಿ ಪಿಎಚ್ ಕಿಟ್ ಒಂದನ್ನೇ ಕೊಂಡು ಬರುವವರು ಅಮೋನಿಯ ಮತ್ತು ಕ್ಷಾರೀಯತೆಯ ಕಿಟ್‌ಗಳನ್ನು ಮೊದಲು ಕೊಳ್ಳುವುದು ಮೇಲು.

ಹವೆಯ ಪಾತ್ರವನ್ನು ಮರೆಯುವಂತಿಲ್ಲ. ಉಷ್ಣವಲಯದ ಮೀನುಗಳಿಗೆ 24ರಿಂದ 28 ಡಿಗ್ರಿ ಹಿತ. ಬೆಳಗಾವಿಯ ಡಿಸೆಂಬರ್, ಜನವರಿಯ ರಾತ್ರಿಗಳು ಅದಕ್ಕಿಂತ ಬಹಳ ತಣ್ಣಗಿರುತ್ತವೆ. ಚಳಿಯಲ್ಲಿ ಬ್ಯಾಕ್ಟೀರಿಯಾಗಳೂ ಮಂದವಾಗುವುದರಿಂದ ಆಗ ಶುರುಮಾಡಿದ ತೊಟ್ಟಿ ನೆಲೆಯೂರಲು ಹೆಚ್ಚು ದಿನ ಹಿಡಿಯುತ್ತದೆ. ಲೀಟರಿಗೆ ಒಂದು ವ್ಯಾಟಿನ ಲೆಕ್ಕದಲ್ಲಿ ಹೀಟರ್ ಇಡುವುದು ಆಡಂಬರವಲ್ಲ. ಮಳೆಗಾಲದಲ್ಲಿ ಖಾನಾಪುರದ ಹಳ್ಳಿಗಳಲ್ಲಿ ಕರೆಂಟು ಹೋದರೆ ಮುಚ್ಚಿದ ಫಿಲ್ಟರಿನ ಒಳಗೆ ಆಮ್ಲಜನಕ ಕೆಲವೇ ತಾಸಿನಲ್ಲಿ ತೀರುತ್ತದೆ. ಬ್ಯಾಟರಿಯ ಗಾಳಿ ಪಂಪು, ಆ ಹೊತ್ತು ಆಹಾರ ಹಾಕದಿರುವುದು, ಕರೆಂಟು ಬಂದ ಮೇಲೆ ಫಿಲ್ಟರಿನೊಳಗಿನ ನೀರನ್ನು ಚೆಲ್ಲಿ ಶುರುಮಾಡುವುದು, ಇಷ್ಟು ಮಾಡಿದರೆ ಆಯಿತು.

ಕೊನೆಗೆ ಮೀನಿನ ಆಯ್ಕೆ. ಬೋರ್‌ವೆಲ್ ನೀರಿನ ಮನೆಗೆ ಗಪ್ಪಿ, ಮೋಲಿ, ಪ್ಲಾಟಿ ಸಲೀಸಾಗಿ ಒಗ್ಗುತ್ತವೆ. ಗಡಸು ನೀರು ಅವುಗಳಿಗೆ ಇಷ್ಟವೇ. ಖಾನಾಪುರದ ಬಾವಿ ನೀರಿನಲ್ಲಿ, ಕ್ಷಾರೀಯತೆಯನ್ನು ಕಾಯ್ದುಕೊಂಡರೆ, ನಿಯಾನ್ ಟೆಟ್ರಾ, ರಾಸ್ಬೋರಾ, ಬಾರ್ಬ್‌ಗಳ ಬಣ್ಣ ನಗರದಲ್ಲಿ ಕಾಣದಷ್ಟು ಕಳೆಗಟ್ಟುತ್ತದೆ. ಕಾಡುಬಾದಾಮಿಯ ಒಣಗಿದ ಎಲೆ ಒಂದೆರಡು ಹಾಕಿದರೆ ಫೈಟರ್ ಮೀನಿಗೆ ಹಿತ. ಡಿಸ್ಕಸ್ ಸಾಕುವ ಆಸೆಯನ್ನು ನಗರದವರು ನೀರಿನ ಪರೀಕ್ಷೆ ಮಾಡಿಸುವ ತನಕ ತಡೆಹಿಡಿಯುವುದೇ ಜಾಣತನ. ಮೀನು ಕೊಳ್ಳುವ ಮುನ್ನ ಅಂಗಡಿಯವರನ್ನು ಒಂದು ಪ್ರಶ್ನೆ ತಪ್ಪದೆ ಕೇಳಬೇಕು: ಈ ಮೀನು ಇಷ್ಟು ದಿನ ಯಾವ ನೀರಿನಲ್ಲಿತ್ತು, ನಳದ್ದೋ ಬೋರ್‌ವೆಲ್ಲಿನದ್ದೋ?