ಶಿಫಾರಸಿನ ಸಂಗೀತ

ಹೊಸ ಸಂಗೀತಗಾರರನ್ನು ರಸಿಕರಿಗೆ ಪರಿಚಯಿಸುವ ಕೆಲಸ ಈಗ ಬಹುಮಟ್ಟಿಗೆ ಯಂತ್ರದ ಪಾಲಿಗೆ ಬಂದಿದೆ. ಸ್ವೀಡನ್ನಿನ ಸ್ಪಾಟಿಫೈ ಸಂಸ್ಥೆ 2015ರಲ್ಲಿ ‘ಡಿಸ್ಕವರ್ ವೀಕ್ಲಿ’ ಎಂಬ ಪಟ್ಟಿಯನ್ನು ಆರಂಭಿಸಿ, ಸೋಮವಾರಕ್ಕೊಮ್ಮೆ 30 ಹಾಡುಗಳನ್ನು ಕೇಳುಗರ ಮುಂದಿಟ್ಟಿತು. 2019ರಲ್ಲಿ ಆ ಸಂಸ್ಥೆ ಭಾರತಕ್ಕೂ ಬಂದಿತು. ಇಂಥ ಪಟ್ಟಿಗಳು ಇಂದು ಸರ್ವಸಾಮಾನ್ಯ. ಗ್ರಂಥವನ್ನು ವಿಮರ್ಶಿಸುವಂತೆ ಇವನ್ನೂ ವಿಮರ್ಶಿಸಬೇಕೆಂದು ನನಗೆ ತೋರುತ್ತದೆ.

ಯಂತ್ರದ ತರ್ಕ ಸ್ಥೂಲವಾಗಿ ಹೀಗಿದೆ. ನಾನು ಕೇಳಿದ್ದನ್ನೇ ಕೇಳಿದ ಇತರರು ಮತ್ತೇನನ್ನು ಕೇಳಿದರು, ಯಾವ ಯಾವ ಹಾಡುಗಳನ್ನು ಒಟ್ಟಿಗೆ ಸೇರಿಸಿಟ್ಟುಕೊಂಡರು ಎಂಬುದನ್ನು ಲೆಕ್ಕಹಾಕಿ ಅದು ಮುಂದಿನ ಹೆಸರನ್ನು ಸೂಚಿಸುತ್ತದೆ. ನಾದದ ಲಕ್ಷಣಗಳನ್ನು ಅಳೆದು ಸೂಚಿಸುವ ಕ್ರಮವೂ ಉಂಟು. ಅಲ್ಲಿಯೂ ಹುಡುಕಾಟ ಹೋಲಿಕೆಗಾಗಿಯೇ. ಇದರಿಂದ ಲಾಭವಿಲ್ಲವೆಂದರೆ ಅನ್ಯಾಯವಾದೀತು. ಕಚೇರಿಗಳೇ ನಡೆಯದ ಊರಿನಲ್ಲಿರುವವರಿಗೂ ಮಲ್ಲಿಕಾರ್ಜುನ ಮನ್ಸೂರರ ಗಾಯನ ಮನೆಬಾಗಿಲಿಗೆ ಬರುತ್ತದೆ. ಸಭೆಯ ಮೆಟ್ಟಿಲೇರಲು ಅಳುಕುವವರನ್ನು ಅದು ಕುಲಗೋತ್ರ ವಿಚಾರಿಸುವುದಿಲ್ಲ. ಆದರೆ ಹಲವರು ಕೇಳಿದ್ದನ್ನು ಆಧಾರವಾಗಿಟ್ಟುಕೊಂಡ ಈ ತರ್ಕಕ್ಕೆ, ಇನ್ನೂ ಯಾರೂ ಕೇಳದ ಕಲಾವಿದರನ್ನು ಗುರುತಿಸುವುದೇ ಕಷ್ಟ. 2024ರಿಂದ ಸ್ಪಾಟಿಫೈಯಲ್ಲಿ, ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಧ್ವನಿಮುದ್ರಣಕ್ಕೆ ಹಣದ ಪಾಲೂ ಇಲ್ಲ.

ಹಿಂದುಸ್ತಾನಿಯಾಗಲಿ ಕರ್ನಾಟಕವಾಗಲಿ, ನಮ್ಮ ಸಂಗೀತದಲ್ಲಿ ಹೊಸಬರು ಹೆಸರಾಂತವರ ಪಕ್ಕದಲ್ಲೋ ಹಿಂದೆಯೋ ಕುಳಿತು ಬೆಳಕಿಗೆ ಬರುತ್ತಾರೆ. ಕಿಶೋರಿ ಅಮೋಣಕರರು ತಾಯಿ ಮೊಗುಬಾಯಿ ಕುರ್ಡೀಕರರ ಹಿಂದೆ ತಂಬೂರಿ ಹಿಡಿದು ಕುಳಿತವರು. ಪಿಟೀಲಿನ ಪಕ್ಕವಾದ್ಯಕ್ಕೆ ಹೆಸರಾದ ಟಿ. ಚೌಡಯ್ಯನವರು 1967ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ನಿಂತಿದೆ. ಚಾಮರಾಜಪೇಟೆಯ ರಾಮನವಮಿ ಕಚೇರಿಗೆ ಗಾಯಕರ ಹೆಸರು ನೋಡಿ ಹೋದವರು, ಪಿಟೀಲಿನವರು ಯಾರೆಂದು ಕೇಳಿಕೊಂಡು ಹೊರಬರುವುದುಂಟು. ರಾಗಾಲಾಪನೆಯ ಬಳಿಕ ಪಿಟೀಲಿಗೆ ಅವಕಾಶ, ಮುಖ್ಯ ಕೃತಿಯ ಕೊನೆಗೆ ಮೃದಂಗಕ್ಕೆ ತನಿಯಾವರ್ತನ: ಇವನ್ನು ಬರಿಯ ಶಿಷ್ಟಾಚಾರವೆನ್ನಲಾಗದು. ಬಲ್ಲವರು ಹೊಣೆಹೊತ್ತು ಮಾಡುವ ಶಿಫಾರಸು ಇದು. ಪಕ್ಕದವರು ತಾಳ ತಪ್ಪಿದರೆ ಗಾಯಕರ ಕಚೇರಿಯೇ ಕೆಟ್ಟೀತು. ಯಂತ್ರದ ಸೂಚನೆ ತಪ್ಪಿದರೆ ಅದಕ್ಕೆ ನಷ್ಟವೇನು?

ಇನ್ನೊಂದು ಮಾತು. ಅಂತರ್ಜಾಲದ ಸಂಗೀತ ತಾಣಗಳಲ್ಲಿ ಹಾಡಿನ ಕೆಳಗೆ ಬಹುಮಟ್ಟಿಗೆ ಗಾಯಕರ ಹೆಸರೊಂದೇ ಎದ್ದು ಕಾಣುತ್ತದೆ. ತಬಲಾ ಯಾರದು? ಹಾರ್ಮೋನಿಯಂ ಯಾರದು? ಹಿಂದೆ ದನಿಗೂಡಿಸಿದ ಶಿಷ್ಯರು ಯಾರು? ಲಾಂಗ್‌ಪ್ಲೇ ತಟ್ಟೆಗಳ ಹೊದಿಕೆಯ ಮೇಲೆ ಎಷ್ಟೋ ವೇಳೆ ಈ ಹೆಸರುಗಳು ಅಚ್ಚಾಗಿರುತ್ತಿದ್ದುವು. ಹೆಸರೇ ತಿಳಿಯದಿದ್ದರೆ ಅವರನ್ನು ಅರಸಿಕೊಂಡು ಹೋಗುವುದೆಂತು? ಪಟ್ಟಿ ಒಬ್ಬ ಗಾಯಕರಿಂದ ಮತ್ತೊಬ್ಬ ಗಾಯಕರಿಗೆ ಹಾರುತ್ತದೆ. ಪಕ್ಕದಲ್ಲಿ ಕುಳಿತವರನ್ನು ದಾಟಿಬಿಡುತ್ತದೆ. ಯಂತ್ರದ ಶಿಫಾರಸಿನಲ್ಲಿ ನಾನು ಕಾಣುವ ದೊಡ್ಡ ಕೊರತೆ ಇದೇ. ಹೊಸಬರು ಇರುವುದು ಹೆಚ್ಚಾಗಿ ಆ ಜಾಗದಲ್ಲಿಯೇ.

ಯಂತ್ರವನ್ನು ತೊರೆಯಬೇಕೆಂದು ನಾನು ವಾದಿಸುವುದಿಲ್ಲ. ಪಕ್ಕವಾದ್ಯದವರ ಹೆಸರುಗಳನ್ನು ಧ್ವನಿಮುದ್ರಣ ಸಂಸ್ಥೆಗಳು ತಪ್ಪದೆ ಒದಗಿಸಲಿ, ತಾಣಗಳು ಗಾಯಕರ ಹೆಸರಿನ ಜೊತೆಯಲ್ಲೇ ಅವನ್ನು ತೋರಿಸಲಿ. ಪಟ್ಟಿಯ ಲೆಕ್ಕಾಚಾರಕ್ಕೂ ಅವು ಒದಗಿಯಾವು. ಕೇಳುಗರಾದ ನಾವಾದರೂ ಮನಸ್ಸಿಗೆ ಹಿಡಿದ ತಬಲೆಯ ದನಿ ಕಿವಿಗೆ ಬಿದ್ದಾಗ, ಮುಂದಿನ ಹಾಡಿಗೆ ಹೋಗುವ ಮುನ್ನ, ಅದು ಯಾರದೆಂದು ವಿಚಾರಿಸೋಣ.