ಕುರುಳು ಮತ್ತು ಕೂದಲು: ಎರಡು ಕಾದಂಬರಿಗಳನ್ನು ಕುರಿತು

ಕನ್ನಡ ಕಾವ್ಯದಲ್ಲಿ ಕುರುಳು ಎಂಬುದು ಹೊಗಳಿಕೆಯ ಮಾತು. ತುಂಬಿಗಳ ಸಾಲನ್ನು ಹೋಲುವ ಮುಂಗುರುಳನ್ನೂ ಕುಟಿಲಕುಂತಳವನ್ನೂ ಓದಿ ಬೆಳೆದ ನಮ್ಮ ವಿದ್ಯಾರ್ಥಿಗಳು, ಆಫ್ರಿಕ ಮೂಲದ ಲೇಖಕಿಯರ ಕಾದಂಬರಿಗಳಲ್ಲಿ ಬರುವ ಕೂದಲನ್ನು 'ಗುಂಗುರುಗೂದಲು' ಎಂದು ಅನುವಾದಿಸಿಕೊಂಡು ಮುಂದೆ ಸಾಗುತ್ತಾರೆ. ಅನುವಾದ ತಪ್ಪೆನ್ನಲಾಗದು, ಆದರೆ ಮೂಲದ ಮಾತಿಗೆ ಅಂಟಿಕೊಂಡ ಅವಮಾನ ಅಷ್ಟರಲ್ಲಿ ಸೋರಿಹೋಗಿರುತ್ತದೆ. ನಾವು ಚೆಲುವೆಂದು ಬಗೆಯುವುದನ್ನು ನೆಟ್ಟಗೆ ಮಾಡಿಕೊಳ್ಳಲು ಒಬ್ಬ ಹೆಣ್ಣುಮಗಳು ತಲೆಯ ಚರ್ಮವನ್ನೇಕೆ ಸುಟ್ಟುಕೊಳ್ಳಬೇಕು ಎಂಬ ಪ್ರಶ್ನೆಯೇ ಏಳುವುದಿಲ್ಲ. ರನ್ನನ ದ್ರೌಪದಿಯ ಬಿಚ್ಚಿದ ಮುಡಿಯ ನೆನಪೂ ಇಲ್ಲಿ ಹೆಚ್ಚಿನ ನೆರವಿಗೆ ಬಾರದು. ಅಲ್ಲಿ ಮುಡಿ ಪ್ರತಿಜ್ಞೆಯ ಗುರುತು. ಇಲ್ಲಿ ಅದು ಮೊದಲು ಕೂದಲು, ಆಮೇಲೆ ಮಿಕ್ಕುದೆಲ್ಲ.

ಕೂದಲಿನ ವಿಷಯವನ್ನೇ ಸ್ವಲ್ಪ ಹೇಳಬೇಕಾಗಿದೆ. ಬಾಗಿದ ಬೇರುಚೀಲದಿಂದ ಹೊರಡುವ ಈ ಕೂದಲು ಒತ್ತಾದ ಸುರುಳಿಗಳಾಗಿ ಬೆಳೆಯುತ್ತದೆ. ನೆತ್ತಿಯ ಜಿಡ್ಡು ಆ ತಿರುವುಗಳನ್ನು ದಾಟಿ ತುದಿಯವರೆಗೆ ಸುಲಭವಾಗಿ ಸೇರದು. ಆದುದರಿಂದ ಅದು ಬೇಗ ಒಣಗುತ್ತದೆ, ಒಣಗಿದಾಗ ಬಾಚಿದರೆ ತಿರುವಿನಲ್ಲಿಯೇ ಮುರಿಯುತ್ತದೆ. ತೇವಗೊಳಿಸಿ, ಭಾಗಭಾಗವಾಗಿ ಬಿಡಿಸಿ, ಅಗಲ ಹಲ್ಲಿನ ಬಾಚಣಿಗೆಯನ್ನು ತುದಿಯಿಂದ ಮೊದಲುಮಾಡಿ ಬುಡದ ಕಡೆಗೆ ಆಡಿಸಬೇಕು. ಇದಕ್ಕೆ ಬೇಕಾದುದು ಹೊತ್ತು, ತಾಳ್ಮೆ, ಮತ್ತೊಬ್ಬರ ಕೈ. ನೆಟ್ಟಗಾಗಿಸುವ ದಾರಿ ಬೇರೆ: ಸೋಡಿಯಂ ಹೈಡ್ರಾಕ್ಸೈಡಿನಂಥ ಕ್ಷಾರ ಕೂದಲಿನೊಳಗಿನ ಗಂಧಕದ ಬಂಧಗಳನ್ನು ಮುರಿಯುತ್ತದೆ, ಹೊತ್ತು ಮೀರಿದರೆ ಚರ್ಮವೂ ಸುಡುತ್ತದೆ.

ನೈಜೀರಿಯದ ಚಿಮಮಾಂಡ ಎನ್‌ಗೋಜಿ ಅಡೀಚಿ ಅವರ 'ಅಮೆರಿಕಾನಾ' (2013) ಈ ಹೊತ್ತನ್ನೇ ಕಥನದ ಕಟ್ಟಾಗಿ ಮಾಡಿಕೊಂಡ ಕೃತಿ. ನಾಯಕಿ ಇಫೆಮೆಲು ಜಡೆ ಹೆಣೆಸಿಕೊಳ್ಳಲು ಪ್ರಿನ್ಸ್‌ಟನ್ನಿನಿಂದ ಟ್ರೆಂಟನ್ನಿಗೆ ರೈಲಿನಲ್ಲಿ ಹೋಗುತ್ತಾಳೆ. ಆ ಸಿರಿವಂತ ಊರಿನಲ್ಲಿ ಅವಳ ತಲೆಗೆ ಒದಗುವ ಅಂಗಡಿಯಿಲ್ಲ. ಅವಳು ಕುರ್ಚಿಯಲ್ಲಿ ಕುಳಿತಿರುವ ಕೆಲವು ಗಂಟೆಗಳ ನಡುನಡುವೆ ಹಿಂದಿನ ಬಾಳೆಲ್ಲ ಬಿಚ್ಚಿಕೊಳ್ಳುತ್ತದೆ. ಭಕ್ತಿಯ ಆವೇಶದಲ್ಲಿ ತಾಯಿ ತನ್ನ ದಟ್ಟ ಕೂದಲನ್ನು ಕತ್ತರಿಸಿ ಸುಟ್ಟ ದಿನ, ಉದ್ಯೋಗದ ಸಂದರ್ಶನಕ್ಕೆಂದು ತಾನು ಕ್ಷಾರ ಹಚ್ಚಿಸಿಕೊಂಡು ನೆತ್ತಿ ಸುಟ್ಟುಕೊಂಡದ್ದು, ಬಳಿಕ ಕೂದಲು ಉದುರಿ ಗಿಡ್ಡ ಮಾಡಿಸಿಕೊಂಡದ್ದು, ಎಲ್ಲವೂ ಆ ಕುರ್ಚಿಗೆ ಬಂದು ಸೇರುತ್ತವೆ. ಸಂದರ್ಶನದ ಪ್ರಸಂಗ ಉತ್ಪ್ರೇಕ್ಷೆಯಲ್ಲ. ಹುಟ್ಟುಗೂದಲಿನ ಕಾರಣಕ್ಕಾಗಿ ಕೆಲಸದಲ್ಲಿಯೂ ಶಾಲೆಯಲ್ಲಿಯೂ ತಾರತಮ್ಯ ಮಾಡಕೂಡದೆಂದು ಕ್ಯಾಲಿಫೋರ್ನಿಯ ಸಂಸ್ಥಾನ ಶಾಸನ ಮಾಡಿದುದು 2019ರಲ್ಲಿ. ಅಮೆರಿಕದ ಸಂಸ್ಥಾನಗಳಲ್ಲಿ ಅದೇ ಮೊದಲನೆಯದು.

ಜೋರಾ ನೀಲ್ ಹರ್ಸ್‌ಟನ್ ಅವರ 'ದೇರ್ ಐಸ್ ವರ್ ವಾಚಿಂಗ್ ಗಾಡ್' (1937) ಕಾದಂಬರಿಯಲ್ಲಿ ಜೇನಿಯ ಗಂಡ ಜೋ ಸ್ಟಾರ್ಕ್ಸ್, ಅಂಗಡಿಗೆ ಬಂದವರ ಕಣ್ಣು ಬೀಳದಿರಲೆಂದು ಅವಳ ತಲೆಗೆ ಬಟ್ಟೆ ಕಟ್ಟಿಸುತ್ತಾನೆ. ಅವನು ಸತ್ತ ಮೇಲೆ ಅವಳು ಆ ಬಟ್ಟೆಗಳನ್ನೆಲ್ಲ ಸುಟ್ಟುಹಾಕುತ್ತಾಳೆ. ಇದನ್ನು ಹೆಣ್ಣಿನ ಬಿಡುಗಡೆಯೆಂದು ವಿಮರ್ಶಕರು ಕೊಂಡಾಡಿರುವುದು ಸರಿಯೇ. ಆದರೆ ಜೇನಿಯ ಕೂದಲು ಸೊಂಟದವರೆಗೆ ಇಳಿಬೀಳುವ ಹುರಿ. ಅವಳ ರಕ್ತದಲ್ಲಿ ಬಿಳಿಯ ಒಡೆಯರ ಪಾಲಿದೆ. ಮಿಸೆಸ್ ಟರ್ನರ್ ಎಂಬ ಪಾತ್ರ ಆ ಮೈಬಣ್ಣವನ್ನೂ ಕೂದಲನ್ನೂ ಕಂಡೇ ಜೇನಿಯನ್ನು ಆರಾಧಿಸಿ, ಕಡುಗಪ್ಪಿನ ತನ್ನವರನ್ನು ಹಳಿಯುತ್ತಾಳೆ. ಬಿಚ್ಚಿದ ಕೂದಲು ಗಂಡನ ಹಿಡಿತದಿಂದ ಬಿಡುಗಡೆ ಪಡೆದರೂ ಕೂದಲಿನ ತರತಮದಿಂದ ಪಡೆಯಲಿಲ್ಲ. ಹರ್ಸ್‌ಟನ್ ಇದನ್ನು ಬಲ್ಲರು. ಅವರ ವ್ಯಾಖ್ಯಾನಕಾರರಲ್ಲಿ ಹಲವರು ಮಿಸೆಸ್ ಟರ್ನರಳನ್ನು ಹಾಸ್ಯಪಾತ್ರವೆಂದು ಬದಿಗೆ ಸರಿಸಿಬಿಡುತ್ತಾರೆ.

ಅಡೀಚಿಯವರ ಕೃತಿಯಲ್ಲಿಯೂ ದೋಷವಿಲ್ಲದಿಲ್ಲ. ಗಿಡ್ಡಗೂದಲನ್ನು ಕಂಡು ನಾಚಿ ಕೆಲಸಕ್ಕೇ ಹೋಗದ ಇಫೆಮೆಲು, ಅಂತರ್ಜಾಲದ ಗೆಳತಿಯರ ಮಾತು ಓದಿ ಕನ್ನಡಿಯೆದುರು ತನ್ನನ್ನು ತಾನೇ ಮೆಚ್ಚುವ ಭಾಗ ನಮಗೆ ಅವಸರದ್ದಾಗಿ ತೋರುತ್ತದೆ. ಅಲ್ಲಿ ಕಥೆಗಿಂತ ಪ್ರಬಂಧದ ದನಿ ಮೇಲಾಗಿದೆ. ಇದಕ್ಕೆ ಲೇಖಕಿಯೇ ಕೊಟ್ಟ ಪ್ರತ್ಯುತ್ತರ ಟ್ರೆಂಟನ್ನಿನ ಅಂಗಡಿಯಲ್ಲಿದೆ. ಬಾಚಲು ಕಷ್ಟವೆಂದು ಗೊಣಗುವ ಸೆನೆಗಲ್ಲಿನ ಆಯಿಷಾಳಿಗೆ, ತೇವ ಕೊಟ್ಟು ಬಾಚಿದರೆ ಕಷ್ಟವೇನಿಲ್ಲವೆಂದು ಇಫೆಮೆಲು ಧರ್ಮೋಪದೇಶಕರ ದನಿಯಲ್ಲಿ ಬೋಧಿಸುತ್ತಾಳೆ. ಆಯಿಷಾಳಿಗೆ ಅದು ಹಿಡಿಸುವುದಿಲ್ಲ. ಹಿಡಿಸಬೇಕಾದರೂ ಏಕೆ? ಒಬ್ಬಳಿಗೆ ಆ ಕೂದಲು ಸ್ವಾಭಿಮಾನ, ಇನ್ನೊಬ್ಬಳಿಗೆ ದಿನದ ದುಡಿಮೆ. ಹೆಣಿಗೆ ಮುಗಿಯುವ ಹೊತ್ತಿಗೆ ಆಯಿಷಾ ಅಳುತ್ತಾಳೆ: ಕಾಗದಪತ್ರಗಳಿಲ್ಲದ ಕಾರಣ ತಂದೆ ಸತ್ತಾಗ ಊರಿಗೆ ಹೋಗಲಾಗಲಿಲ್ಲ, ತಾಯಿಯ ಕಾಲಕ್ಕಾದರೂ ಹೋಗಬೇಕು. ಅಷ್ಟು ಹೊತ್ತು ಅಸಡ್ಡೆಯಿಂದ ಕುಳಿತಿದ್ದ ಇಫೆಮೆಲು ಆಗ ಮೊದಲ ಬಾರಿಗೆ, ತನ್ನ ತಲೆಯನ್ನು ಹೆಣೆದವಳ ಕಡೆಗೆ ತಿರುಗುತ್ತಾಳೆ.